ಹಿಂದಿನ ಸೀಟಿನ ತೂಕ

ಕಬ್ಬಿಣ ಕಡೆಯುವ ನನ್ನ ಲೇತ್ ಶೆಡ್ಡಿಗೂ ಅಣ್ಣನ ಶೆಡ್ಡಿಗೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ ಮಾತ್ರ. ಈ ಕಡೆ ನಾನು ಕೆಮ್ಮಿದರೆ ಆ ಕಡೆಯಿಂದ "ಬೀಡಿ ಬಿಡೋ" ಎಂಬ ಮಾತು ಬರುತ್ತಿತ್ತು. ಒಡಹುಟ್ಟಿದ ಅಣ್ಣನೇನಲ್ಲ. ಹದಿನಾರು ವರ್ಷ ಗೋಡೆ ಹಂಚಿಕೊಂಡ ಮೇಲೆ ಅವನನ್ನು ಬೇರೆ ಏನಂತ ಕರೆಯಲಿ? ಬೀದಿಯವರೆಲ್ಲ ಅವನಿಗೆ ಇಟ್ಟ ಹೆಸರು ತಕ್ಕಡಿ. ಯಾವ ಕಾರು ಬಂದರೂ ಮೊದಲು ನಾಲ್ಕು ಚಕ್ರಗಳ ಕೆಳಗೂ ಒಂದೊಂದು ತೂಕದ ಯಂತ್ರ ಇಟ್ಟು, ಯಾವ ಮೂಲೆಗೆ ಎಷ್ಟು ಭಾರ ಬೀಳುತ್ತಿದೆ ಎಂದು ಬರೆದುಕೊಂಡ ಮೇಲೆಯೇ ಅವನು ಸ್ಪ್ಯಾನರ್ ಮುಟ್ಟುತ್ತಿದ್ದದ್ದು. ಅವನ ಕೆಲಸ ಅದೊಂದೇ, ಕಾರುಗಳ ಸ್ಪ್ರಿಂಗು ಮತ್ತು ಅದರ ಕುಣಿತ ಹಿಡಿಯುವ ಶಾಕ್ ಅಬ್ಸಾರ್ಬರು. ಎಂಜಿನ್ ಕೆಟ್ಟಿದೆ ಎಂದು ಬಂದವರನ್ನು "ಮುಂದಿನ ತಿರುವಿಗೆ ಹೋಗಿ" ಎಂದು ಕಳಿಸಿಬಿಡುತ್ತಿದ್ದ.

ಅದೇ ಶೆಡ್ಡಿನ ಬಾಗಿಲ ಪಕ್ಕದಲ್ಲಿ ಅತ್ತಿಗೆಯ ಹೊಲಿಗೆ ಮಷೀನು. ಕಾರಿನ ಸೀಟುಗಳಿಗೆ ಫೋಮು ಕತ್ತರಿಸಿ, ರೆಕ್ಸಿನ್ ಹೊಲಿದು ಕೂರಿಸುವುದು ಅವರ ಕೆಲಸ. ಮಕ್ಕಳಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಒಟ್ಟಿಗೆ ಬಾಗಿಲು ತೆಗೆಯುವರು, ಸಂಜೆ ಒಟ್ಟಿಗೆ ಹಾಕುವರು. "ನಿಮ್ಮಣ್ಣ ಮದುವೆಗೆ ಮುಂಚೆ ನನ್ನನ್ನೂ ನಾಲ್ಕು ಮೂಲೇಲಿ ತೂಗಿ ನೋಡಿರ್ತಾರೆ, ನನಗೆ ಗೊತ್ತಾಗಿಲ್ಲ ಅಷ್ಟೇ" ಎಂದು ಅತ್ತಿಗೆ ನನ್ನ ಹತ್ತಿರ ಹೇಳಿ ನಗುತ್ತಿದ್ದರು. ಅಣ್ಣ ಕೇಳಿಸಿದರೂ ಕೇಳಿಸದವನಂತೆ ಕಾರಿನ ಕೆಳಗೆ ಸರಿದುಕೊಳ್ಳುತ್ತಿದ್ದ.

ಅವರದ್ದೊಂದು ಕಾರಿತ್ತು. ಹೆಚ್ಚುಕಡಿಮೆ ಅಣ್ಣನಷ್ಟೇ ವಯಸ್ಸಾದ, ನಾಲ್ಕು ಬಾಗಿಲಿನ ಹಳೆಯ ಕಾರು. ಗುಜರಿಯಿಂದ ಎಳೆದು ತಂದು, ಆರು ವರ್ಷದ ಭಾನುವಾರಗಳನ್ನೆಲ್ಲ ಅದಕ್ಕೆ ಸುರಿದು ಎಬ್ಬಿಸಿ ನಿಲ್ಲಿಸಿದ್ದ. ಹಳೆಯ ಎಂಜಿನ್ ತೆಗೆದು ದೊಡ್ಡದು ಕೂರಿಸಿದ. ಬಾಡಿಯನ್ನು ನೆಲದಿಂದ ನಾಲ್ಕು ಬೆರಳಿಗೆ ಇಳಿಸಿದ. ಅದಕ್ಕೆ ಹಾಕಿದ್ದು ಗಿಡ್ಡನೆಯ, ಕಲ್ಲಿನಂಥ ಸ್ಪ್ರಿಂಗುಗಳು. ತಿರುವುಗಳಲ್ಲಿ ಅದು ಹಳಿಯ ಮೇಲೆ ಹೋದ ಹಾಗೆ ಹೋಗುತ್ತಿತ್ತು, ಒಂದು ಚೂರೂ ವಾಲುತ್ತಿರಲಿಲ್ಲ. ಆದರೆ ರಸ್ತೆಯಲ್ಲಿ ಬಿದ್ದ ಒಂದೊಂದು ಹರಳೂ ಕೂತವರ ಬೆನ್ನಿಗೆ ಗೊತ್ತಾಗುತ್ತಿತ್ತು. "ಸೀಟು ನಂದು, ಏಟು ನಿಮ್ಮಣ್ಣಂದು" ಎನ್ನುತ್ತಿದ್ದರು ಅತ್ತಿಗೆ.

ಆಮೇಲೆ ಅತ್ತಿಗೆಗೆ ಬೆನ್ನು ನೋವು ಶುರುವಾಯಿತು. ಮಷೀನಿನ ಮುಂದೆ ಬಗ್ಗಿ ಬಗ್ಗಿ ಬಂದದ್ದು ಎಂದುಕೊಂಡು ನಾಲ್ಕು ತಿಂಗಳು ಮುಲಾಮು ಹಚ್ಚಿಕೊಂಡರು. ಕೊನೆಗೆ ಎಕ್ಸ್‌ರೇ ಫೋಟೋ ತೆಗೆಸಿದಾಗ ಗೊತ್ತಾಯಿತು, ಎಲ್ಲೋ ಹುಟ್ಟಿದ ಗಡ್ಡೆ ಮೂಳೆಗಳಿಗೆ ಇಳಿದಿತ್ತು. ಬೆನ್ನಿನ ಮಣಿಗಳು, ಸೊಂಟ, ತೊಡೆಯ ಮೇಲ್ಭಾಗ, ಎಲ್ಲ ಕಡೆ ತಿಂದುಹಾಕಿತ್ತು. ಇನ್ನು ಪ್ರತಿ ಶುಕ್ರವಾರ ಆಸ್ಪತ್ರೆಗೆ ಹೋಗಬೇಕು, ಹನ್ನೊಂದು ಕಿಲೋಮೀಟರು. ಆದಷ್ಟು ಕುಲುಕಾಟ ಆಗದ ಹಾಗೆ ಕರೆತನ್ನಿ ಎಂದರು ಡಾಕ್ಟರು.

ಮೊದಲ ಶುಕ್ರವಾರ ಅದೇ ಕಾರಿನಲ್ಲಿ ಹೋದರು. ಅತ್ತಿಗೆ ಹಿಂದಿನ ಸೀಟಿನಲ್ಲಿ ದಿಂಬು ಒರಗಿಕೊಂಡು, ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಕೂತಿದ್ದರಂತೆ. ಅಣ್ಣ ಅದನ್ನು ಕನ್ನಡಿಯಲ್ಲಿ ನೋಡುತ್ತ ಓಡಿಸಿದ್ದ. ಮಾರನೆಯ ಬೆಳಿಗ್ಗೆ ನಾನು ಬಂದು ನೋಡಿದರೆ ಕಾರು ಜ್ಯಾಕಿನ ಮೇಲಿತ್ತು, ನಾಲ್ಕೂ ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದ್ದ.

"ಬೇರೆ ಗಾಡಿ ನೋಡ್ಬಾರ್ದಾ ಅಣ್ಣಾ?" ಎಂದೆ.

"ಬೇರೆಯವರ ಗಾಡೀಲಿ ಯಾವ ಸ್ಪ್ರಿಂಗ್ ಇದೆ, ಎಷ್ಟು ಸತ್ತಿದೆ, ನನಗೇನ್ ಗೊತ್ತು? ಇದಾದ್ರೆ ನನ್ನ ಕೈಲಿದೆ."

ಸ್ಪ್ರಿಂಗ್ ಆರಿಸುವುದು ಎಂದರೆ ಮೆತ್ತಗಿರುವುದನ್ನು ತಂದು ಹಾಕುವುದು ಎಂದು ನಾನು ತಿಳಿದಿದ್ದೆ. ಅಷ್ಟೇ ಅಲ್ಲ. ಅಣ್ಣ ಶಾಕುಗಳನ್ನು ಬಿಚ್ಚಿಟ್ಟು ಚಕ್ರ ಹಾಕಿ, ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ಒತ್ತಿ ಬಿಟ್ಟ. ಕಾರಿನ ಮೂಗು ಮೇಲೆ ಕೆಳಗೆ ಕುಣಿಯತೊಡಗಿತು. ನನ್ನ ಕೈಲಿ ಗಡಿಯಾರ ಕೊಟ್ಟಿದ್ದ. ನಿಮಿಷಕ್ಕೆ ನೂರ ಇಪ್ಪತ್ತೆಂಟು ಕುಣಿತ. "ಇದು ಕಾರಲ್ಲ, ನಿಮ್ಮತ್ತಿಗೆ ಮಷೀನು" ಎಂದ. ಮುಂದೆ ಎಪ್ಪತ್ತರ ಹತ್ತಿರ ಬರಬೇಕು, ಹಿಂದೆ ಎಂಬತ್ತು. ಎರಡೂ ಒಂದೇ ಆಗಬಾರದು. ಉಬ್ಬು ಮೊದಲು ಮುಂದಿನ ಚಕ್ರಕ್ಕೆ ಸಿಗುತ್ತದೆ, ಹಿಂದಿನದಕ್ಕೆ ಒಂದು ಗಳಿಗೆ ತಡವಾಗಿ. ಹಿಂಭಾಗ ತುಸು ಚುರುಕಾಗಿ ಆಡಿದರೆ ತಡವಾಗಿ ಹೊರಟರೂ ಮುಂಭಾಗವನ್ನು ಹೋಗಿ ಸೇರಿಕೊಳ್ಳುತ್ತದೆ, ಇಡೀ ಕಾರು ಮಟ್ಟವಾಗಿ ಒಮ್ಮೆ ಎದ್ದು ಇಳಿಯುತ್ತದೆ. ಇಲ್ಲದಿದ್ದರೆ ಮಕ್ಕಳು ಆಡುವ ಮರದ ಕುದುರೆಯ ಹಾಗೆ ಮುಂದೆ ಹಿಂದೆ ತೂಗುತ್ತದೆ, ಆ ತೂಗಾಟವೆಲ್ಲ ಕೂತವರ ಬೆನ್ನಿಗೆ.

ಇದೆಲ್ಲ ಹಿಂದೆ ಎಷ್ಟು ಭಾರ ಇರುತ್ತದೆ ಎಂಬುದರ ಮೇಲೆ ನಿಂತಿತ್ತು. ಅಣ್ಣ ಬರೆದುಕೊಂಡ: ಅತ್ತಿಗೆ ನಲವತ್ನಾಲ್ಕು ಕೇಜಿ. ಜೊತೆಗೆ ಕೂರುವ ದೊಡ್ಡಕ್ಕ ಅರವತ್ತಾರು. ಡಿಕ್ಕಿಯಲ್ಲಿ ಗಾಲಿಕುರ್ಚಿ ಹದಿನೇಳು. ದೊಡ್ಡಕ್ಕ ಎಂದರೆ ಅತ್ತಿಗೆಯ ಸ್ವಂತ ಅಕ್ಕ. ತಂಗಿಗೆ ಕಾಯಿಲೆ ಎಂದು ತಿಳಿದ ದಿನವೇ ತನ್ನ ಮನೆಗೆ ಬೀಗ ಹಾಕಿ ಬಂದವರು. ಶಾಲೆಯಲ್ಲಿ ಗುಮಾಸ್ತೆಯಾಗಿ ನಿವೃತ್ತರಾದ ಹೆಂಗಸು, ಮಾತು ಕಡ್ಡಿ ಮುರಿದ ಹಾಗೆ. ಆ ಮೂರು ತೂಕ ಕೂಡಿಸಿ ಅಣ್ಣ ಹಿಂದಿನ ಸ್ಪ್ರಿಂಗ್ ಆರಿಸಿದ. ಅದಕ್ಕೆ ಸರಿಯಾಗಿ ಮುಂದಿನದು. ಎತ್ತರ ಹೊಂದಿಸಲು ನಾನು ಲೇತಿನಲ್ಲಿ ನಾಲ್ಕು ಕಬ್ಬಿಣದ ಬಳೆ ಕಡೆದುಕೊಟ್ಟೆ. ಗುರುವಾರ ಸಂಜೆ ಕೆಲಸ ಮುಗಿಯಿತು.

ಶುಕ್ರವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ಮನೆಯ ಮುಂದೆ ಜಗಳ. ದೊಡ್ಡಕ್ಕ ಆಂಬುಲೆನ್ಸಿನವರ ನಂಬರು ಚೀಟಿಯಲ್ಲಿ ಬರೆದುಕೊಂಡು ನಿಂತಿದ್ದರು.

"ಆಟದ ಸಾಮಾನಲ್ಲಿ ಕಾಯಿಲೆಯವಳನ್ನ ಸಾಗಿಸ್ತೀರಾ? ಅವಳೇನು ನಿಮ್ಮ ಪ್ರಯೋಗಕ್ಕೆ ಸಿಕ್ಕಿದ ಗಿರಾಕೀನಾ?"

"ಇದು ಪ್ರಯೋಗ ಅಲ್ಲ. ಲೆಕ್ಕ ಹಾಕಿ ಮಾಡಿದೀನಿ."

"ಲೆಕ್ಕ! ಮೂಳೆ ಹೆಂಗಿದೆ ಅಂತ ನಿಮ್ಮ ಲೆಕ್ಕಕ್ಕೆ ಗೊತ್ತಾ?"

ಅಣ್ಣ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. "ಭಯ ಇದ್ರೆ ನೀವು ಬರ್ಬೇಡಿ" ಎಂದುಬಿಟ್ಟ.

ದೊಡ್ಡಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗಾಲಿಕುರ್ಚಿ ಮಡಚಿ ಡಿಕ್ಕಿಗೆ ಇಡುವುದು ಅವರದೇ ಕೆಲಸವಾಗಿತ್ತು. ಅದು ಜಗಲಿಯ ಮೇಲೇ ಉಳಿಯಿತು. ಆಸ್ಪತ್ರೆಯಲ್ಲಿ ಹೇಗೂ ಸಿಗುತ್ತದೆ ಎಂದುಕೊಂಡೆವು. ಎತ್ತಿ ಇಳಿಸಲು ಒಬ್ಬರು ಬೇಕಲ್ಲ ಎಂದು ನಾನು ಮುಂದಿನ ಸೀಟಿನಲ್ಲಿ ಕೂತೆ. ಹಿಂದೆ ಅತ್ತಿಗೆ ಒಬ್ಬರೇ.

ದಾರಿಯುದ್ದಕ್ಕೂ ಚೆನ್ನಾಗಿತ್ತು. ಅಣ್ಣ ಸೈಕಲ್ಲಿನವರಿಗಿಂತ ನಿಧಾನವಾಗಿ ಓಡಿಸಿದ. "ಪರವಾಗಿಲ್ಲ ಕಣ್ರೀ, ದೋಣೀಲಿ ಹೋದ ಹಾಗಿದೆ" ಎಂದರು ಅತ್ತಿಗೆ. ಅಣ್ಣನ ಭುಜ ಕೆಳಗಿಳಿದದ್ದು ನನಗೆ ಪಕ್ಕದಿಂದ ಕಾಣಿಸಿತು.

ಆಸ್ಪತ್ರೆಯ ಗೇಟಿನ ಒಳಗೆ ಒಂದು ಹಂಪ್ ಹೊಸದಾಗಿ ಹಾಕಿದ್ದರು. ಬಣ್ಣ ಬಳಿದಿರಲಿಲ್ಲ, ಮರದ ನೆರಳಿನಲ್ಲಿ ಕಪ್ಪಗೆ ಮಲಗಿತ್ತು. ಮುಂದಿನ ಚಕ್ರ ಹತ್ತಿ ಮೆತ್ತಗೆ ಇಳಿಯಿತು. ಹಿಂದಿನದು ಹತ್ತಿದಾಗ ಕೆಳಗಿನಿಂದ ಯಾರೋ ಒದ್ದ ಹಾಗಾಯಿತು. ಅತ್ತಿಗೆ ಕಿರುಚಲಿಲ್ಲ. "ರೀ, ನಿಲ್ಸಿ" ಎಂದರು, ಅಷ್ಟೇ. ನಾನು ತಿರುಗಿ ನೋಡಿದೆ. ಅವರ ಬಲಗಾಲಿನ ಪಾದ ಹೊರಗಡೆಗೆ ತಿರುಗಿಕೊಂಡಿತ್ತು, ಕಾಲು ಯಾರದೋ ಎಂಬಂತೆ.

ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಡಾಕ್ಟರು ಒಳ್ಳೆಯವರು. ಅಣ್ಣನನ್ನು ಕೂರಿಸಿಕೊಂಡು ಹೇಳಿದರು, ಆ ಮೂಳೆ ಹಾಸಿಗೆಯಲ್ಲಿ ಮಗ್ಗುಲಾದರೂ ಮುರಿಯುವಂಥದ್ದು, ಇವತ್ತಲ್ಲದಿದ್ದರೆ ನಾಳೆ. ಅಣ್ಣ ಕೇಳಿದ: "ನಾಳೆ ಅಂದ್ರೆ, ಇವತ್ತೇ ಆಗ್ಬೇಕು ಅಂತೇನಿರ್ಲಿಲ್ಲ, ಅಲ್ವಾ ಸಾರ್?" ಡಾಕ್ಟರು ಮತ್ತೆ ಅದನ್ನೇ ಹೇಳಿದರು. ಅಣ್ಣನೂ ಮತ್ತೆ ಅದನ್ನೇ ಕೇಳಿದ. ಮೂರನೆಯ ಸಲ ನಾನು ಅವನ ತೋಳು ಹಿಡಿದು ಎಬ್ಬಿಸಿಕೊಂಡು ಬಂದೆ.

ಮಾರನೆಯ ದಿನ ಅವನು ಕಾರನ್ನು ನಾಲ್ಕು ತೂಕದ ಯಂತ್ರಗಳ ಮೇಲೆ ಹತ್ತಿಸಿದ. ನನ್ನನ್ನು ಮುಂದೆ ಕೂರಿಸಿದ, ತಾನು ಹೇಗೆ ಕೂತಿದ್ದನೋ ಹಾಗೆ ಕೂತ, ಹಿಂದೆ ಅತ್ತಿಗೆಯಷ್ಟು ತೂಕದ ಮರಳು ತುಂಬಿದ ಚೀಲ. ಯಂತ್ರಗಳ ತಂತಿ ಕಟ್ಟಿದ ಪೆಟ್ಟಿಗೆಯಲ್ಲಿ ಕೂತಲ್ಲಿಂದಲೇ ಅಂಕಿಗಳನ್ನು ನೋಡಿದ. ಹಿಂದೆ ಲೆಕ್ಕಕ್ಕಿಂತ ಎಂಬತ್ಮೂರು ಕೇಜಿ ಕಡಿಮೆ, ದೊಡ್ಡಕ್ಕ ಮತ್ತು ಗಾಲಿಕುರ್ಚಿಯಷ್ಟು. ಆ ಸ್ಪ್ರಿಂಗು ಹೊರಲು ಸಿದ್ಧವಾಗಿದ್ದ ಭಾರ ಅದರ ಮೇಲೆ ಇರಲೇ ಇಲ್ಲ. ಭಾರ ಸಿಗದ ಸ್ಪ್ರಿಂಗು ಒದೆಯುತ್ತದೆ. ಶಾಕುಗಳನ್ನೂ ಅವನು ಬದಲಿಸಿರಲಿಲ್ಲ, ಹಳೆಯ ಬಿಗಿ ಶಾಕುಗಳೇ ಇದ್ದವು.

"ಲೆಕ್ಕ ಸರಿ ಇತ್ತು. ಕೂತ್ಕೊಳ್ಳೋರು ಇರ್ಲಿಲ್ಲ" ಎಂದ. ಕಾರಿನಿಂದ ಇಳಿಯುತ್ತ, "ದೊಡ್ಡಕ್ಕಂಗೆ ಇದು ಗೊತ್ತಾಗ್ಬಾರ್ದು. ಬರ್ಬೇಡಿ ಅಂದಿದ್ದು ನಾನು" ಎಂದ.

ಹತ್ತೊಂಬತ್ತು ದಿನ ಅತ್ತಿಗೆ ಆಸ್ಪತ್ರೆಯಲ್ಲಿದ್ದರು. ಮೂಳೆಯೊಳಗೆ ಕಂಬಿ ಹಾಕಿದರು. ಮನೆಗೆ ಬಂದ ಮೇಲೆ ಶುಕ್ರವಾರಗಳನ್ನು ದೊಡ್ಡಕ್ಕ ತಮ್ಮ ಕೈಗೆ ತೆಗೆದುಕೊಂಡರು. ಆಂಬುಲೆನ್ಸ್ ಬಂತು. ಅಣ್ಣ ಅದರ ಹಿಂದೆ ನನ್ನ ಸ್ಕೂಟರಿನಲ್ಲಿ ಹೋದ. ಅದರ ಹಿಂದಿನ ಚಕ್ರಗಳು ನೆಗೆಯುವುದನ್ನು ಹನ್ನೊಂದು ಕಿಲೋಮೀಟರೂ ನೋಡುತ್ತಾ ಹೋದ. ಸಾಮಾನು ಹೊರುವ ವ್ಯಾನಿಗೆ ಮಂಚ ಹಾಕಿ ಮಾಡಿದ್ದು, ಒಂದು ಟನ್ನು ಹೊರಬೇಕಾದ ಸ್ಪ್ರಿಂಗ್ ಪಟ್ಟಿಗಳ ಮೇಲೆ ಮೂವತ್ತೆಂಟು ಕೇಜಿಯ ಹೆಂಗಸು.

ಎರಡನೆಯ ಸಲ ಹೋಗಿ ಬಂದ ದಿನ ನಾನು ಮನೆಯಲ್ಲಿದ್ದೆ. ಅತ್ತಿಗೆಯ ಕೆಳತುಟಿ ಹಲ್ಲಿಗೆ ಸಿಕ್ಕಿ ಒಡೆದಿತ್ತು. ಹಾಸಿಗೆಗೆ ಮಲಗಿಸಿದ ಮೇಲೆ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, ಆಮೇಲೆ ಅಣ್ಣನನ್ನು ಕರೆದರು.

"ಆ ಡಬ್ಬೀಲಿ ನನ್ನನ್ನ ಇನ್ನೊಂದ್ಸಲ ಹಾಕಿದ್ರೆ ನಾನು ಆಸ್ಪತ್ರೆಗೇ ಬರಲ್ಲ. ನಮ್ಮ ಕಾರು ರೆಡಿ ಮಾಡಿ."

"ನನ್ ಕೈಲಾಗಲ್ಲ ಕಣೇ."

"ಯಾಕಾಗಲ್ಲ?"

"ನನ್ ಕೈನೇ ನಾನು ನಂಬಲ್ಲ ಈಗ."

"ನಂಬೋದು ಬಿಡೋದು ನನಗೆ ಬಿಡಿ. ನಾನು ಕೈ ಹಿಡ್ಕೊಂಡಿರೋದು ನಿಮ್ಮದು, ಆಂಬುಲೆನ್ಸಿನವರದ್ದಲ್ಲ."

ದೊಡ್ಡಕ್ಕ ಬಾಗಿಲಲ್ಲಿ ನಿಂತಿದ್ದರು. ಬೈಯುತ್ತಾರೆ ಎಂದುಕೊಂಡೆ. ಅವರು ಹೋಗಿ ತುಟಿಗೆ ಹಚ್ಚಲು ಹತ್ತಿ ತಂದರು.

ಈ ಸಲ ಅಣ್ಣ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಹದಿನಾಲ್ಕು ಸ್ಪ್ರಿಂಗು ಹೊತ್ತು ತಂದ. ನೋಡಲು ಅವಳಿಜವಳಿ ಎನ್ನಿಸುವವೂ ಒಂದೇ ಸಮ ಇರುವುದಿಲ್ಲ. ಒಂದೊಂದನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮೇಲಿನಿಂದ ಪ್ರೆಸ್ಸಿನಲ್ಲಿ ಒಂದು ಸೆಂಟಿಮೀಟರ್ ಒತ್ತಿ ಎಷ್ಟು ಕೇಜಿ, ಎರಡು ಒತ್ತಿದರೆ ಎಷ್ಟು ಎಂದು ಸೀಮೆಸುಣ್ಣದಲ್ಲಿ ಅದರ ಮೈಮೇಲೇ ಬರೆದ. ಹದಿನಾಲ್ಕರಲ್ಲಿ ಎರಡು ಜೋಡಿ ಸಿಕ್ಕವು. ಮುಂದಿನ ಜೋಡಿ ಸೆಂಟಿಮೀಟರಿಗೆ ಹದಿನೈದು ಕೇಜಿ, ಹಿಂದಿನದು ಹದಿಮೂರು. ಎಂಜಿನ್ನಿನ ಭಾರ ಮುಂದಿರುವುದರಿಂದ ಈ ಲೆಕ್ಕದಲ್ಲಿ ಹಿಂಭಾಗವೇ ಚುರುಕು. ಶಾಕುಗಳನ್ನು ಬಿಚ್ಚಿ ಎಣ್ಣೆ ಬದಲಿಸಿದ. ಒಳಗಿನ ಬಿಲ್ಲೆಗಳಲ್ಲಿ ಎಣ್ಣೆ ಹರಿಯುವ ತೂತನ್ನು ನಾನು ಕೂದಲೆಳೆಯಷ್ಟು ದೊಡ್ಡದು ಮಾಡಿಕೊಟ್ಟೆ. ಸೀಟಿನ ಕೆಲಸ ಅತ್ತಿಗೆಯದು. ಮಲಗಿದಲ್ಲಿಂದಲೇ "ಕೆಳಗೆ ಗಟ್ಟಿ ಫೋಮು ಎರಡಿಂಚು, ಮೇಲೆ ಮೆತ್ತಗಿಂದು ಮೂರು, ತೊಡೆ ಹತ್ರ ಹಳ್ಳ ಬಿಡು" ಎಂದು ಹೇಳುತ್ತಿದ್ದರು. ನಾನು ಕತ್ತರಿಸಿದೆ, ಹೊಲಿಗೆ ಸೊಟ್ಟಗಾಯಿತು. ತೋರಿಸಲು ಒಯ್ದಾಗ ಅದನ್ನು ಬೆರಳಲ್ಲಿ ಮುಟ್ಟಿ ನೋಡಿ, "ಲೇತ್ ಮೇಲೆ ಹೊಲಿದ್ಯೇನೋ ಮೈದುನಾ?" ಎಂದರು.

ಓಡಿಸಿ ನೋಡಬೇಕಿತ್ತು. ಅಣ್ಣ ತಾನೇ ಹೋಗಿ ದೊಡ್ಡಕ್ಕನ ಮುಂದೆ ನಿಂತ.

"ನೀವು ಬರ್ಬೇಕು. ಪ್ರತಿ ಸಲಾನೂ, ಅದೇ ಜಾಗದಲ್ಲಿ ಕೂತ್ಕೋಬೇಕು. ನೀವಿಲ್ಲದೆ ಈ ಕಾರು ಹೊರಡಲ್ಲ."

ದೊಡ್ಡಕ್ಕ ಅವನ ಮುಖ ನೋಡಿದರು. "ಚಪ್ಪಲಿ ಹಾಕ್ಕೊಂಡು ಬರ್ತೀನಿ" ಎಂದರು.

ಹಿಂದಿನ ಸೀಟಿನಲ್ಲಿ ಮೂವತ್ತೆಂಟು ಕೇಜಿ ಮರಳಿನ ಚೀಲ, ಪಕ್ಕದಲ್ಲಿ ದೊಡ್ಡಕ್ಕ, ಡಿಕ್ಕಿಯಲ್ಲಿ ಗಾಲಿಕುರ್ಚಿ. ಅವರು ಕಣ್ಣು ಮುಚ್ಚಿಕೊಂಡು ಹಿಂದಿನ ಚಕ್ರ ಹಂಪ್ ಹತ್ತಿದ ಕೂಡಲೇ ಹೇಳಬೇಕು. ನಮ್ಮ ಬೀದಿಯ ಕೊನೆಯಲ್ಲಿದ್ದ ಹಂಪನ್ನು ಮೊದಲ ದಿನ ಇಪ್ಪತ್ತು ಸಲ ದಾಟಿದೆವು. ಪ್ರತಿ ಸಲವೂ ದೊಡ್ಡಕ್ಕ "ಈಗ" ಎಂದರು. ರಾತ್ರಿ ಶಾಕು ಇನ್ನಷ್ಟು ಸಡಿಲಿಸಿದ ಮೇಲೆ ಎರಡನೆಯ ದಿನ ಹನ್ನೆರಡು ಸಲ "ಈಗ" ಎಂದರು. ಮೂರನೆಯ ದಿನ ನಾವು ದಾಟಿ ಮುಂದೆ ಹೋಗಿ ನಿಲ್ಲಿಸಿದರೂ ಕಣ್ಣು ಮುಚ್ಚಿಕೊಂಡೇ ಇದ್ದರು. "ಹಂಪ್ ಇನ್ನೂ ಬಂದಿಲ್ವಾ?" ಎಂದು ಕೇಳಿದರು. ಅಣ್ಣ ಸ್ಟೇರಿಂಗಿನ ಮೇಲೆ ಹಣೆ ಇಟ್ಟುಕೊಂಡ.

ಹಾಗೆ ಮತ್ತೆ ಶುಕ್ರವಾರಗಳು ನಡೆದವು. ಆದರೆ ಅತ್ತಿಗೆ ವಾರದಿಂದ ವಾರಕ್ಕೆ ಇಳಿಯುತ್ತಿದ್ದರು. ಗುರುವಾರ ಸಂಜೆ ಅಣ್ಣ ಅವರನ್ನು ಮಗುವಿನಂತೆ ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದ, ಆಮೇಲೆ ತನ್ನ ತೂಕ ಕಳೆಯುತ್ತಿದ್ದ. ಎಷ್ಟು ಕಡಿಮೆಯಾಗಿದೆಯೋ ಅಷ್ಟು ಮರಳನ್ನು ತೂಗಿ ಚೀಲಕ್ಕೆ ತುಂಬಿ ಡಿಕ್ಕಿಯಲ್ಲಿಡುತ್ತಿದ್ದ. ಒಟ್ಟು ಭಾರ ಬದಲಾಗಬಾರದು, ಅದು ಬದಲಾದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಒಂದು ದಿನ ಡಿಕ್ಕಿ ತೆಗೆದದ್ದು ಅತ್ತಿಗೆಯ ಕಣ್ಣಿಗೆ ಬಿತ್ತು.

"ಏನದು ಚೀಲ?"

"ಮರಳು" ಎಂದ ಅಣ್ಣ.

"ಎಷ್ಟಿದೆ?"

"ಆರು ಕೇಜಿ."

ಅತ್ತಿಗೆಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. "ಹಂಗಾದ್ರೆ ಇನ್ನೊಂದ್ ಸ್ವಲ್ಪ ದಿನಕ್ಕೆ ನಾನು ಪೂರ್ತಿ ಡಿಕ್ಕೀಲೇ ಇರ್ತೀನಿ ಅನ್ನಿ" ಎಂದರು. ದೊಡ್ಡಕ್ಕ "ಬಾಯ್ಮುಚ್ಚೇ" ಎಂದು ಗದರಿ ಕಿಟಕಿಯ ಕಡೆ ತಿರುಗಿದರು. ಅತ್ತಿಗೆಗೆ ನಗು ಬಂದಿತ್ತು, ಆದರೆ ನಕ್ಕರೆ ಪಕ್ಕೆಲುಬು ನೋಯುತ್ತಿತ್ತು. ಹಾಗಾಗಿ ಉಸಿರು ಹಿಡಿದುಕೊಂಡು ಕೂತರು.

ಐದು ಸಲ ಹೋಗಿ ಬಂದರು. ಐದು ಸಲವೂ ಆಸ್ಪತ್ರೆಯ ಹಂಪ್ ದಾಟುವಾಗ ಕಾರಿನೊಳಗೆ ಯಾರೂ ಉಸಿರಾಡುತ್ತಿರಲಿಲ್ಲ. ಏನೂ ಆಗಲಿಲ್ಲ. ಆರನೆಯ ಶುಕ್ರವಾರ ಡಾಕ್ಟರು ಇನ್ನು ಬರುವುದು ಬೇಡ ಎಂದರು. ಔಷಧಿ ಕೆಲಸ ಮಾಡುತ್ತಿಲ್ಲ, ನೋವಿನ ಮಾತ್ರೆ ಮನೆಯಲ್ಲೇ ಕೊಡಿ ಎಂದರು. ವಾಪಸು ಹೊರಟದ್ದಾಯಿತು. ಅರ್ಧ ದಾರಿಯಲ್ಲಿ ಅತ್ತಿಗೆ ಹೇಳಿದರು, "ಎಡಗಡೆ ಹಿಂದೆ ಏನೋ ಕೀರ್ ಅಂತಿದೆ, ಕೇಳ್ತಿದ್ಯಾ ನಿಮಗೆ?"

ಅಣ್ಣನಿಗೆ ಕೇಳಿಸುತ್ತಿರಲಿಲ್ಲ. ಕಾರು ಪಕ್ಕಕ್ಕೆ ಹಾಕಿ ಇಳಿದು, ರಸ್ತೆಯ ಮೇಲೆ ಅಂಗಾತ ಮಲಗಿ ಕೆಳಗೆ ನೋಡಿದ. ಒಂದು ರಬ್ಬರ್ ಬುಷ್ ಒಣಗಿತ್ತು. "ಹೌದು ಕಣೇ" ಎಂದ.

ಅದಾಗಿ ಇಪ್ಪತ್ತಾರು ದಿನಕ್ಕೆ, ಬುಧವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅತ್ತಿಗೆ ಹೋದರು. ದೊಡ್ಡಕ್ಕ ಮುಖ ಒರೆಸುತ್ತಿದ್ದರಂತೆ, ಟವೆಲ್ ಅದ್ದಿ ತರುವಷ್ಟರಲ್ಲಿ ಮುಗಿದಿತ್ತು. ಅಣ್ಣ ಶೆಡ್ಡಿನಲ್ಲಿದ್ದ. ತಿಂಗಳಾನುಗಟ್ಟಲೆ ಕಾಯುತ್ತಿದ್ದ ಗಿರಾಕಿಯೊಬ್ಬನ ಕೆಲಸ ಅರ್ಧ ಗಂಟೆಯದು ಎಂದು ದೊಡ್ಡಕ್ಕನೇ ಅವನನ್ನು ದಬ್ಬಿ ಕಳಿಸಿದ್ದರು. ತಗಡಿನ ಗೋಡೆಯಾಚೆ ಫೋನು ಬಂದದ್ದು, ಅವನು ಮೂರು ಸಲ "ಹ್ಞೂಂ" ಎಂದದ್ದು ನನಗೆ ಕೇಳಿಸಿತು. ಲೇತ್ ನಿಲ್ಲಿಸಿ ಹೋದೆ. ಅವನು ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದ. ಒಂದೊಂದು ಬೆರಳನ್ನೂ ಬಟ್ಟೆಯಲ್ಲಿ ಒರೆಸುತ್ತಿದ್ದ, ಹತ್ತೂ ಮುಗಿದ ಮೇಲೆ ಮತ್ತೆ ಮೊದಲಿನಿಂದ.

ವಾರ ಕಳೆದು ದೊಡ್ಡಕ್ಕ ತಂಗಿಯ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು. ನಾನು ಅಣ್ಣನಿಗೆ ಊಟ ಕೊಡಲು ಹೋಗಿದ್ದೆ. ದೊಡ್ಡಕ್ಕ ಮಡಚುವ ಕೈ ನಿಲ್ಲಿಸದೆಯೇ ಕೇಳಿದರು.

"ಆವತ್ತು ನಾನು ಬಂದಿದ್ರೆ ಮೂಳೆ ಮುರೀತಿರ್ಲಿಲ್ಲ, ಅಲ್ವಾ?"

ಅಣ್ಣ ತಟ್ಟೆಯಲ್ಲಿ ಅನ್ನ ಕಲಸತೊಡಗಿದ.

"ಪ್ರತಿ ಸಲಾನೂ ನಾನೇ ಕೂರ್ಬೇಕು ಅಂದ್ರಿ. ನಾನಿಲ್ಲದೆ ಕಾರು ಹೊರಡಲ್ಲ ಅಂದ್ರಿ. ನಾನೇನು ದಡ್ಡಿ ಅಲ್ಲ."

"ಇಲ್ಲ ದೊಡ್ಡಕ್ಕಾ" ಎಂದ ಅಣ್ಣ. "ನೀವು ಕೂತಿದ್ರೂ ಅಷ್ಟೇ ಆಗ್ತಿತ್ತು. ಶಾಕು ಬಿಗಿಯಾಗಿತ್ತು. ತಪ್ಪು ಶಾಕಿಂದು."

ದೊಡ್ಡಕ್ಕ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ನಂಬಿದರೋ ಇಲ್ಲವೋ ಹೇಳಲಾರೆ. ಚೀಲದ ಬಾಯಿ ಕಟ್ಟಿದರು, ಬಸ್ಸಿಗೆ ಹೊತ್ತಾಯಿತು ಎಂದರು.

ಆ ಚಳಿಗಾಲದಲ್ಲಿ ಅಣ್ಣ ಕಾರು ಮಾರಿದ. ಕೊಂಡವನು ಒಬ್ಬ ಹಲ್ಲಿನ ಡಾಕ್ಟರು, ಹಳೆಯ ಕಾರುಗಳ ಹುಚ್ಚಿದ್ದ ಮನುಷ್ಯ. ಅವನಿಗೆ ಕಾರು ಮೊದಲಿನಂತೆ ತಗ್ಗಾಗಿ, ಬಿಗಿಯಾಗಿ ಬೇಕಿತ್ತು. ಬೇರೆ ಯಾರಾದರೂ ಮಾಡಲಿ ಎಂದು ಅಣ್ಣ ಕೈ ತೊಳೆದುಕೊಳ್ಳುತ್ತಾನೆ ಎಂದುಕೊಂಡಿದ್ದೆ. ತಾನೇ ಮಾಡಿದ. ಡಾಕ್ಟರನ್ನು ಕೂರಿಸಿ ತೂಗಿದ, ಬರೆದುಕೊಂಡ, ಬಿಗಿ ಸ್ಪ್ರಿಂಗುಗಳನ್ನು ಜೋಡಿ ನೋಡಿ ಆರಿಸಿದ. ನನಗೆ ಯಾಕೋ ತಡೆಯಲಾಗಲಿಲ್ಲ.

"ನಿನ್ ಕೈಯಾರೆ ಇದನ್ನ ಮತ್ತೆ ಹಂಗೇ ಮಾಡ್ತಿದ್ಯಲ್ಲ ಅಣ್ಣಾ, ಮನಸ್ಸಾದ್ರೂ ಹೆಂಗ್ ಬಂತು?"

"ಅವನ ಮೂಳೆ ಗಟ್ಟಿಯಾಗಿದೆ. ಅವನಿಗೆ ಬೇಕಾಗಿರೋದು ಇದು" ಎಂದ.

ಬಿಚ್ಚಿದ ನಾಲ್ಕು ಮೆತ್ತನೆಯ ಸ್ಪ್ರಿಂಗುಗಳನ್ನು ಇಟ್ಟುಕೊಳ್ಳುತ್ತಾನೇನೋ ಎಂದು ನೋಡಿದೆ. ಮಾರನೆಯ ದಿನ ಗುಜರಿಯವನ ಗಾಡಿ ಬಂದಾಗ ಬೇರೆ ಕಬ್ಬಿಣದ ಜೊತೆಗೆ ಅವನ್ನೂ ಎತ್ತಿ ಹಾಕಿದ. ಅವು ಬೇರೆ ಯಾವ ಕಾರಿಗೂ ಆಗುವುದಿಲ್ಲ ಎಂದ. ಆಮೇಲೆ ಒಳಗೆ ಹೋಗಿ ಕುರ್ಚಿಯ ಮೇಲೆ ಕೂತ, ಮಧ್ಯಾಹ್ನದವರೆಗೂ ಏಳಲಿಲ್ಲ. ನಾನೂ ಕರೆಯಲಿಲ್ಲ.